ವಜ್ರವಿಲೇಖನ ವಿಚಾರ

೧

ಸಂಸ್ಕೃತದ ‘ಲಿಖ್’ ಧಾತುವು ಎರಡರ್ಥಗಳಲ್ಲಿ ರೂಢವಾಗಿದೆ. ಅಕ್ಷರವನ್ನು ಬರೆಯುವುದೊಂದು, ಒಂದು ವಸ್ತುವಿನ ಮೈಯನ್ನು ಗೀರುವುದು ಇನ್ನೊಂದು. ಇವುಗಳಲ್ಲಿ ಗೀರುವುದೇ ಮೊದಲಿನ ಅರ್ಥವೆಂದೂ, ಬರೆಹವು ಅದರಿಂದ ಬೆಳೆದು ಬಂದಿತೆಂದೂ ಶಬ್ದಶಾಸ್ತ್ರವನ್ನು ಬಲ್ಲವರು ಒಪ್ಪುವರು. ನಮ್ಮ ‘ಬರೆ’ ಎಂಬ ಮಾತಿನಲ್ಲಿಯೂ ಗೀಟು ಎಂಬ ಅರ್ಥವು ಇನ್ನೂ ಉಳಿದಿದೆ. ಗೀರತಕ್ಕ ಸಾಧನವು ಗೀರಿಸಿಕೊಳ್ಳತಕ್ಕ ವಸ್ತುವಿಗಿಂತ ಗಟ್ಟಿಯಾಗಿರಬೇಕೆಂಬುದು ಲೋಕನ್ಯಾಯ. ತಾಳೆಗರಿಗೆ ಕಂಟವಾಯಿತು, ಕಲ್ಲಿಗೆ ಉಳಿಯಾಯಿತು.

ಚಿಕ್ಕಮಗಳೂರು ಜಿಲ್ಲೆಯ ಕಾಫಿಯ ಬೆಟ್ಟಗಳಲ್ಲಿ ಈ ನ್ಯಾಯಕ್ಕೆ ಉದಾಹರಣೆಗಳು ಹೇರಳವಾಗಿವೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಅಲ್ಲಿಯ ಶಿಲಾಲೇಖಗಳನ್ನೂ ಭದ್ರಾತೀರದ ಕಳಸದ ಲೇಖಗಳನ್ನೂ ಬಿ. ಎಲ್. ರೈಸರು ೧೯೦೧ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ, ಆಗ ಕಡೂರು ಜಿಲ್ಲೆಯೆನಿಸಿದ್ದ ಈ ಸೀಮೆಯ ಉಳಿದ ಲೇಖಗಳೊಡನೆ ಪ್ರಕಟಿಸಿದರು. ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ (೧೧೯೬) ರೂವಾರಿ ಮಲ್ಲಿತಮ್ಮನು ತನ್ನ ಹೆಸರನ್ನು ಕೊರೆದಿಟ್ಟಿದ್ದಾನೆ. ಬೆಳವಾಡಿಯ ವೀರನಾರಾಯಣ ದೇವಾಲಯದ ಕಂಬಗಳು ಕಡೆದು ನಯಗೊಳಿಸಿದವು. ನೋಡುವವರ ನೆರಳು ಅವುಗಳಲ್ಲಿ ಮೂಡುವಷ್ಟು ಹೊಳಪು ಎಂಟುನೂರು ವರ್ಷಗಳಾದರೂ ಮಾಸಿಲ್ಲ. ಈ ಶಿಲ್ಪಿಗಳಿಗೆ ಒದಗಿದ್ದು ಬಳಪದ ಕಲ್ಲು. ೧೮೧೨ರಲ್ಲಿ ಜರ್ಮನಿಯ ಮೋಸ್ ಎಂಬ ವಿದ್ವಾಂಸನು ಖನಿಜಗಳನ್ನು ಒಂದನ್ನೊಂದು ಗೀರುವ ಶಕ್ತಿಗನುಸಾರವಾಗಿ ಹತ್ತು ಮೆಟ್ಟಿಲುಗಳಲ್ಲಿ ಜೋಡಿಸಿದನಷ್ಟೆ; ಅದರಲ್ಲಿ ಬಳಪವು ಮೊದಲನೆಯದು, ವಜ್ರವು ಹತ್ತನೆಯದು. ಮೊದಲನೆಯ ಮೆಟ್ಟಿಲಿನ ಶಿಲೆಯಲ್ಲಿ ಬರೆದವರ ಕೀರ್ತಿಯನ್ನು ನಾವೆಲ್ಲರೂ ಬಲ್ಲೆವು. ಕೊನೆಯ ಮೆಟ್ಟಿಲಿನದರ ಮೇಲೆ ಬರೆಯಬಲ್ಲುದು ಯಾವುದೆಂಬುದೇ ಪ್ರಕೃತ ವಿಚಾರ.

ಈ ವಿಚಾರವು ಈಗ ಪ್ರಸ್ತುತವಾದದ್ದೇಕೆಂದರೆ, ಈಚಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿಯೂ ಪೂರ್ವದೇಶಗಳಲ್ಲಿಯೂ ವಿಜ್ಞಾನಿಗಳು ಅತ್ಯಲ್ಪಕಾಲದ ಲೇಸರ್ ಬೆಳಕಿನಿಂದ ವಜ್ರದ ಮೈಯ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೀಟುಗಳನ್ನು ಮೂಡಿಸುತ್ತಿದ್ದಾರೆ. ಈ ವಿದ್ಯೆಯ ಬೆಳಕಿನಲ್ಲಿ ನಮ್ಮ ರತ್ನಶಾಸ್ತ್ರದ ಮೂರು ಮಾತುಗಳನ್ನು ಮತ್ತೊಮ್ಮೆ ಓದುವುದು ಯುಕ್ತವೆಂದು ತೋರುತ್ತದೆ. ವಜ್ರವನ್ನು ವಜ್ರವಲ್ಲದೆ ಮತ್ತಾವುದೂ ಗೀರದೆಂಬುದು ಮೊದಲನೆಯದು. ವಜ್ರದಲ್ಲಿ ರೇಖೆಯಿರುವುದು ದೋಷವೆಂಬುದು ಎರಡನೆಯದು. ಉತ್ತಮವಾದ ವಜ್ರವು ನೀರಿನ ಮೇಲೆ ತೇಲುವುದೆಂಬುದು ಮೂರನೆಯದು. ಮೊದಲಿನದನ್ನು ಎಲ್ಲರೂ ಮೆಚ್ಚಿದ್ದಾರೆ. ಕಡೆಯದನ್ನು ಎಲ್ಲರೂ ಕಟ್ಟುಕಥೆಯೆಂದು ತಳ್ಳಿದ್ದಾರೆ. ಎರಡು ನಿರ್ಣಯಗಳೂ ಅವಸರದವೆಂದು ನನ್ನ ಅಭಿಪ್ರಾಯ.

೨

ಉಪಲಬ್ಧವಾದ ಶಾಸ್ತ್ರಗ್ರಂಥಗಳಲ್ಲಿ ವಜ್ರಪರೀಕ್ಷೆಯು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಹನ್ನೊಂದನೆಯ ಅಧ್ಯಾಯದಲ್ಲಿ ಬರುತ್ತದೆ. ಆ ಗ್ರಂಥವು ಲೋಕಕ್ಕೆ ಮರಳಿ ದೊರೆತದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ, ೧೯೦೯ರಲ್ಲಿ ಎಂಬುದು ಕನ್ನಡಿಗರು ಮರೆಯತಕ್ಕುದಲ್ಲ. ಕೌಟಿಲ್ಯನ ಪ್ರಕಾರ ಪ್ರಶಸ್ತವಾದ ವಜ್ರವು ದೊಡ್ಡದಾಗಿಯೂ, ಭಾರವಾಗಿಯೂ, ಪೆಟ್ಟನ್ನು ತಾಳತಕ್ಕುದಾಗಿಯೂ, ಸಮವಾದ ಕೋಟಿಗಳುಳ್ಳದ್ದಾಗಿಯೂ, ಪಾತ್ರೆಯನ್ನು ಗೀರತಕ್ಕುದಾಗಿಯೂ, ಹೊಳೆಯುವುದಾಗಿಯೂ ಇರಬೇಕು. ಪಾತ್ರೆಯನ್ನು ಗೀರುವುದೆಂಬಲ್ಲಿ ಅವನು ಪ್ರಯೋಗಿಸಿರುವುದು ‘ಲಿಖ್’ ಧಾತುವನ್ನೇ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ಎಂದರೆ ಕ್ರಿಸ್ತಶಕ ಆರನೆಯ ಶತಮಾನದಲ್ಲಿ, ಈ ಲಕ್ಷಣವು ಬೇರೆಯಾಗುತ್ತದೆ. ಅವನು ಹಿತವೆಂದು ಹೇಳುವ ವಜ್ರವು ಯಾವ ದ್ರವ್ಯದಿಂದಲೂ ಭೇದಿಸಲಾಗದುದು, ಹಗುರವಾದುದು, ನೀರಿನಲ್ಲಿ ತೇಲತಕ್ಕುದು, ಕಿರಣಗಳುಳ್ಳದು, ಸ್ನಿಗ್ಧವಾದುದು. ಮಿಂಚು, ಬೆಂಕಿ, ಕಾಮನಬಿಲ್ಲು ಇವುಗಳಂತೆ ಬೆಳಗತಕ್ಕುದು. ಕೌಟಿಲ್ಯನು ಭಾರವನ್ನು ಗುಣವೆಂದರೆ ವರಾಹಮಿಹಿರನು ಹಗುರವನ್ನು ಗುಣವೆನ್ನುತ್ತಾನೆ. ಇದು ಸಣ್ಣ ಭೇದವಲ್ಲ. ಮುಂದೆ ಇದನ್ನು ವಿಚಾರಿಸುವೆನು.

ಬುದ್ಧಭಟ್ಟನ ರತ್ನಪರೀಕ್ಷೆಯನ್ನು ೧೮೯೬ರಲ್ಲಿ ಲೂಯಿ ಫಿನೋ ಎಂಬ ಫ್ರೆಂಚ್ ವಿದ್ವಾಂಸನು ಅಗಸ್ತಿಮತವೇ ಮೊದಲಾದ ಇತರ ರತ್ನಗ್ರಂಥಗಳೊಡನೆ ಪ್ಯಾರಿಸಿನಲ್ಲಿ ಅಚ್ಚುಹಾಕಿಸಿದನು. ಅದೇ ವಿಷಯವು ಗರುಡಪುರಾಣದ ಅರುವತ್ತೆಂಟನೆಯ ಅಧ್ಯಾಯದಲ್ಲಿಯೂ ಸೇರಿಕೊಂಡಿದೆ. ವಜ್ರಕ್ಕೆ ಆರು ಕೋಟಿಗಳು, ಎಂಟು ಪಾರ್ಶ್ವಗಳು, ಹನ್ನೆರಡು ಧಾರೆಗಳೆಂದು ಅಲ್ಲಿ ಹೇಳಿದೆ. ಇಂದಿನ ಸ್ಫಟಿಕಶಾಸ್ತ್ರದಲ್ಲಿ ಅಷ್ಟಮುಖಿಯೆನಿಸಿಕೊಳ್ಳುವ ಆಕೃತಿಗೆ ಮೂಲೆಗಳು ಆರು, ಮುಖಗಳು ಎಂಟು, ಅಂಚುಗಳು ಹನ್ನೆರಡು. ಲೆಕ್ಕವು ಒಂದೂ ತಪ್ಪಿಲ್ಲ. ಇಂಥ ಗ್ರಂಥಕಾರನು ಕಣ್ಣಿಂದ ಕಂಡು ಬರೆದವನೆಂದು ಒಪ್ಪಲೇಬೇಕು. ಭೂಮಿಯಲ್ಲಿರುವ ಸಕಲ ರತ್ನಗಳನ್ನೂ ಲೋಹಗಳನ್ನೂ ವಜ್ರವು ಗೀರುವುದೆಂದೂ, ಅವು ವಜ್ರವನ್ನು ಗೀರಲಾರವೆಂದೂ, ವಜ್ರವು ವಜ್ರದಿಂದಲೇ ಗೀರಿಸಿಕೊಳ್ಳುವುದೆಂದೂ ಅವನು ಹೇಳುವಾಗ ‘ವಿಲೇಖನ’ವೆಂಬ ಮಾತನ್ನೇ ಬಳಸುತ್ತಾನೆ. ಮೋಸನಿಗಿಂತ ಸಾವಿರ ವರ್ಷಗಳಿಗೂ ಹಿಂದೆ ಗೀರುವಿಕೆಯನ್ನು ಪರೀಕ್ಷಾಕ್ರಮವನ್ನಾಗಿ ನಿಲ್ಲಿಸಿದ್ದು ರತ್ನಶಾಸ್ತ್ರದ ನಿಜವಾದ ಹೆಗ್ಗಳಿಕೆ.

ಇನ್ನು ದೋಷಗಳು. ಮಲ, ಬಿಂದು, ರೇಖೆ, ತ್ರಾಸ, ಕಾಕಪದ ಎಂದು ಅವನ್ನು ಸಾಮಾನ್ಯವಾಗಿ ಎಣಿಸುವರು. ರೇಖೆಯೆಂದರೆ ಗೀಟು, ಕಾಕಪದವೆಂದರೆ ಕಾಗೆಯ ಹೆಜ್ಜೆಯಂತಹ ಕಪ್ಪು ಗುರುತು. ಇವುಳ್ಳ ವಜ್ರವನ್ನು ಧರಿಸಿದವನಿಗೆ ಅನಿಷ್ಟವೆಂದು ಶಾಸ್ತ್ರ. ಗೀಟಿಲ್ಲದ, ಕಪ್ಪಿಲ್ಲದ, ಬೆಳಕನ್ನು ತಡೆಯದೆ ಬಿಟ್ಟುಕೊಡುವ ಕಲ್ಲೇ ರತ್ನಪರೀಕ್ಷಕರ ಆದರ್ಶವಾಗಿದ್ದಿತು.

೩

ಈ ವಿದ್ಯೆಯು ಕರ್ಣಾಟಕಕ್ಕೆ ಹೊರಗಿನದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯೂ ಹೊಯ್ಸಳ ವಿಷ್ಣುವರ್ಧನನ ಸಮಕಾಲೀನನೂ ಆದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ರಾಜನ ಕೋಶವನ್ನು ಕುರಿತ ಭಾಗದಲ್ಲಿ, ರತ್ನಪರೀಕ್ಷೆಯೂ ಸೇರಿದೆ.

ಕಾರ್ಯಕ್ರಮದ ವಿವರಗಳು ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವರ್ತಕ ತಾವೆರ್ನಿಯೇ ಎಂಬವನ ಪ್ರವಾಸಗ್ರಂಥದಲ್ಲಿ (೧೬೭೬) ದೊರೆಯುತ್ತವೆ. ಆಗ ಬಿಜಾಪುರದ ಆಳ್ವಿಕೆಗೆ ಸೇರಿದ್ದ ರಾವಲಕೊಂಡದ ಗಣಿಯ ಬಳಿ ಅನೇಕ ವಜ್ರಗಾರರು ಲೋಹದ ಚಕ್ರಗಳ ಮೇಲೆ ವಜ್ರದ ಪುಡಿಯಿಂದ ವಜ್ರವನ್ನು ಉಜ್ಜುತ್ತಿದ್ದುದನ್ನು ಅವನು ಕಂಡನು. ದೋಷವಿಲ್ಲದ ಕಲ್ಲಾದರೆ ತೂಕ ಕಡಮೆಯಾಗದಂತೆ ಮೇಲ್ಮೈಯನ್ನಷ್ಟೆ ಚಕ್ರಕ್ಕೆ ತೋರಿಸಿ ಬಿಡುವರೆಂದೂ, ದೋಷವಿದ್ದರೆ ಅದನ್ನು ಮರೆಮಾಡಲು ಸಣ್ಣ ಸಣ್ಣ ಮುಖಗಳನ್ನು ಕೊರೆಯುವರೆಂದೂ ಬರೆದಿದ್ದಾನೆ. ಚಕ್ರವು ಸಮವಾಗಿ ತಿರುಗದ್ದರಿಂದ ಇಲ್ಲಿಯ ಹೊಳಪು ಯೂರೋಪಿನದಕ್ಕೆ ಸಾಟಿಯಾಗದೆಂದೂ ಅವನ ಮತ.

ಇಲ್ಲಿ ಒಂದು ಶಂಕೆಯು ಏಳಬಹುದು. ಎರಡೂ ಸಮಾನವಾಗಿ ಗಟ್ಟಿಯಾಗಿದ್ದರೆ ವಜ್ರವು ವಜ್ರವನ್ನು ಗೀರುವುದೆಂತು? ಇದಕ್ಕೆ ಸಮಾಧಾನವೇನೆಂದರೆ, ವಜ್ರದ ಕಾಠಿಣ್ಯವು ಎಲ್ಲ ದಿಕ್ಕುಗಳಲ್ಲಿಯೂ ಒಂದೇ ಸಮನಾಗಿಲ್ಲ. ಅದರ ಇಂಗಾಲದ ಪರಮಾಣುಗಳ ಜೋಡಣೆಗನುಸಾರವಾಗಿ ಕೆಲವು ದಿಕ್ಕುಗಳಲ್ಲಿ ಅದು ಬಹಳ ಗಟ್ಟಿ, ಕೆಲವು ದಿಕ್ಕುಗಳಲ್ಲಿ ಅಷ್ಟಿಲ್ಲ. ಪುಡಿಯ ಕಣಗಳು ನಾನಾ ದಿಕ್ಕಿಗೆ ಬಿದ್ದಿರುವುದರಿಂದ ಅವುಗಳಲ್ಲಿ ಕೆಲವಾದರೂ ತಮ್ಮ ಗಟ್ಟಿಯಾದ ಅಂಚಿನಿಂದ ಕಲ್ಲಿನ ಮೆದುವಾದ ದಿಕ್ಕನ್ನು ಕೆರೆಯುತ್ತವೆ. ಹೀಗೆ ಬುದ್ಧಭಟ್ಟನ ಸೂತ್ರವು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಅಬಾಧಿತವಾಗಿ ನಿಂತಿತು. ಅದನ್ನು ಮೀರತಕ್ಕುದು ಇನ್ನೊಂದು ಗಟ್ಟಿ ದ್ರವ್ಯವಾಗಿರಬಹುದೆಂದು ಯಾರಾದರೂ ನಿರೀಕ್ಷಿಸುತ್ತಿದ್ದರು. ಬಂದದ್ದು ದ್ರವ್ಯವೇ ಅಲ್ಲ, ಬೆಳಕು.

೪

ಬೆಳಕು ವಜ್ರವನ್ನು ಬರೆಯುವುದಕ್ಕೆ ಮೊದಲು ವಜ್ರವನ್ನು ಓದಿತು. ಆ ಓದಿನ ಇತಿಹಾಸದಲ್ಲಿ ಬೆಂಗಳೂರಿಗೆ ವಿಶಿಷ್ಟವಾದ ಸ್ಥಾನವಿದೆ. ಸರ್ ಸಿ. ವಿ. ರಾಮನ್ನರು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮದ ಸಾರವಿದು: ಒಂದು ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನಲ್ಲಿ ಅಲ್ಪಾಂಶವು ಆ ವಸ್ತುವಿನ ಅಣುಗಳ ಕಂಪನಕ್ಕೆ ತಕ್ಕಂತೆ ತನ್ನ ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ೧೯೩೦ರಲ್ಲಿ ಸಿ. ರಾಮಸ್ವಾಮಿಯವರು ಈ ಕ್ರಮದಿಂದ ವಜ್ರವನ್ನು ಪರೀಕ್ಷಿಸಿದಾಗ ಒಂದೇ ಒಂದು ತೀಕ್ಷ್ಣವಾದ ರೇಖೆ ಕಾಣಿಸಿತು. ಅದರ ಸ್ಥಾನವು ಸೆಂಟಿಮೀಟರೊಂದಕ್ಕೆ ೧೩೩೨ ಅಲೆಗಳ ಅಂತರದಲ್ಲಿದೆ. ಗ್ರಾಫೈಟೂ ಇಂಗಾಲವೇ ಆಗಿದ್ದರೂ ಅದರ ರೇಖೆಯು ಸುಮಾರು ೧೫೮೦ರಲ್ಲಿ ಬರುತ್ತದೆ. ವಜ್ರಕ್ಕೂ ಅದರ ಕಪ್ಪು ಜ್ಞಾತಿಗೂ ಇರುವ ಭೇದವನ್ನು ಕಲ್ಲನ್ನು ಮುಟ್ಟದೆ, ಗೀರದೆ ಹೇಳಬಲ್ಲ ಪರೀಕ್ಷೆಯು ಹೀಗೆ ಹುಟ್ಟಿತು.

೧೯೩೩ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದ ಮೇಲೆ ರಾಮನ್ನರಿಗೆ ವಜ್ರವು ಪ್ರಿಯವಾದ ವಿಷಯವಾಯಿತು. ಅವರು ವಜ್ರಗಳನ್ನು ಸಂಗ್ರಹಿಸಿದರು. ೧೯೩೪ರಲ್ಲಿ ತಾವೇ ಸ್ಥಾಪಿಸಿದ ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ೧೯೪೪ರಲ್ಲಿ ವಜ್ರದ ರಚನೆಯನ್ನೂ ಗುಣಗಳನ್ನೂ ಕುರಿತ ಲೇಖನಗಳ ಸಮುಚ್ಚಯವನ್ನು ಪ್ರಕಟಿಸಿದರು. ೧೯೪೬ರಲ್ಲಿ ಎಸ್. ರಾಮಶೇಷನ್ನರೊಡನೆ ವಜ್ರದ ಸಹಜಾಕೃತಿಗಳನ್ನು ಕುರಿತು ಬರೆದರು. ವಜ್ರದಲ್ಲಿ ನಾಲ್ಕು ಬಗೆಯ ರಚನೆಗಳಿವೆಯೆಂಬ ಅವರ ಸಿದ್ಧಾಂತವು ಮುಂದೆ ನಿಲ್ಲಲಿಲ್ಲ. ವಜ್ರವಜ್ರಗಳಿಗಿರುವ ಭೇದಗಳಿಗೆ ಅವುಗಳಲ್ಲಿ ಸೇರಿಕೊಂಡ ಸಾರಜನಕವು ಮುಖ್ಯ ಕಾರಣವೆಂದು ೧೯೫೯ರಲ್ಲಿ ತಿಳಿದುಬಂದಿತು. ಸಿದ್ಧಾಂತವು ಬಿದ್ದರೂ ಪರೀಕ್ಷೆಯು ಉಳಿಯಿತು. ಲೇಸರಿನಿಂದ ವಜ್ರದ ಮೇಲೆ ಗೀಟುಗಳನ್ನು ಮೂಡಿಸುವವರು, ಗೀಟಾದ ಮೇಲೂ ಅದು ವಜ್ರವಾಗಿಯೇ ಉಳಿಯಿತೋ ಗ್ರಾಫೈಟಾಯಿತೋ ಎಂದು ತಿಳಿಯಬೇಕಾದರೆ ನೋಡುವುದು ಈ ೧೩೩೨ ಮತ್ತು ೧೫೮೦ರ ರೇಖೆಗಳನ್ನೇ.

ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಟೊಲಾನ್ಸ್ಕಿಯೆಂಬವರು ವಜ್ರದ ಸಹಜವಾದ ಮುಖಗಳ ಮೇಲಿನ ಏರುತಗ್ಗುಗಳನ್ನು ಬೆಳಕಿನ ಅಲೆಗಳಿಂದಲೇ ಅಳೆದು, ೧೯೫೫ರಲ್ಲಿ ಒಂದು ಗ್ರಂಥವನ್ನು ಬರೆದರು. ಅಷ್ಟಮುಖಿಯ ಮುಖಗಳ ಮೇಲೆ ತ್ರಿಕೋಣಾಕಾರದ ಸಣ್ಣ ಕುಳಿಗಳಿರುವುದು ಅವರ ಅಧ್ಯಯನದಿಂದ ಪ್ರಸಿದ್ಧವಾಯಿತು. ಮನುಷ್ಯನು ಬರೆಯುವುದಕ್ಕೆ ಮೊದಲೇ ಪ್ರಕೃತಿಯು ಭೂಗರ್ಭದಲ್ಲಿ ವಜ್ರದ ಮೇಲೆ ಬರೆದಿದ್ದಿತೆಂದಾಯಿತು.

೫

೧೯೬೦ರಲ್ಲಿ ಅಮೆರಿಕದ ಮೈಮನ್ನನು ಮಾಣಿಕ್ಯದ ಕೋಲಿನಿಂದ ಮೊದಲನೆಯ ಲೇಸರನ್ನು ಬೆಳಗಿಸಿದನು. ಐದೇ ವರ್ಷಗಳಲ್ಲಿ, ೧೯೬೫ರಲ್ಲಿ, ಆ ದೇಶದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯು ತಂತಿಯನ್ನೆಳೆಯುವ ವಜ್ರದ ಅಚ್ಚುಗಳಿಗೆ ಲೇಸರಿನಿಂದ ರಂಧ್ರಗಳನ್ನು ಕೊರೆಯತೊಡಗಿತು. ರತ್ನಶಾಸ್ತ್ರದ ಕಣ್ಣಿನಿಂದ ನೋಡಿದರೆ ಒಂದು ರತ್ನದಿಂದ ಹೊರಟ ಬೆಳಕು ಇನ್ನೊಂದು ರತ್ನವನ್ನು ಕೊರೆಯಿತು. ಆದರೆ ಈ ಕೊರೆತವು ಸುಡುವುದರಿಂದಾದದ್ದು. ಶಾಖವು ಹರಡಿ, ರಂಧ್ರದ ಸುತ್ತಲೂ ವಜ್ರವು ಗ್ರಾಫೈಟಾಗಿ ಕಪ್ಪಾಗುತ್ತಿದ್ದಿತು. ಸೂಕ್ಷ್ಮವಾದ ಬರೆಹಕ್ಕೆ ಇದು ಒದಗದು. ಅದೇ ವರ್ಷ ಬಿರ್ನ್‌ಬಾಮ್ ಎಂಬವನು ಅರೆವಾಹಕಗಳ ಮೇಲೆ ಲೇಸರು ಬಿದ್ದ ಕಡೆಯಲ್ಲಿ ಸಮಾನಾಂತರವಾದ ಗೀಟುಗಳು ತಾವಾಗಿ ಏಳುವುದನ್ನು ಕಂಡು ವರದಿಮಾಡಿದನು.

ಶಾಖದ ತೊಡಕನ್ನು ತೊಲಗಿಸಿದ್ದು ಕಾಲದ ಅಲ್ಪತೆ. ೧೯೮೫ರಲ್ಲಿ ಜೆರಾರ್ ಮೂರೂ ಮತ್ತು ಡಾನಾ ಸ್ಟ್ರಿಕ್ಲೆಂಡ್ ಎಂಬವರು ಬೆಳಕಿನ ಅಲ್ಪಸ್ಪಂದವನ್ನು ಮೊದಲು ಕಾಲದಲ್ಲಿ ಹಿಗ್ಗಿಸಿ, ಆಮೇಲೆ ಬಲಪಡಿಸಿ, ಕಡೆಗೆ ಮತ್ತೆ ಕುಗ್ಗಿಸುವ ಕ್ರಮವನ್ನು ಕಂಡುಹಿಡಿದರು. ೨೦೧೮ರಲ್ಲಿ ಅವರಿಗೆ ಇದಕ್ಕಾಗಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಇಂಥ ಸ್ಪಂದಗಳನ್ನು ಫೆಮ್ಟೊಸೆಕೆಂಡುಗಳಲ್ಲಿ ಎಣಿಸುವರು. ಒಂದು ಫೆಮ್ಟೊಸೆಕೆಂಡು ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವ ಬೆಳಕು ಅಂಥ ನೂರು ಪಾಲುಗಳಲ್ಲಿ ಒಂದು ತಲೆಗೂದಲಿನ ದಪ್ಪವನ್ನೂ ದಾಟಲಾರದು.

ಕಾರ್ಯಕಾರಣಗಳು ಹೀಗಿವೆ. ವಜ್ರವು ಸಾಮಾನ್ಯವಾದ ಬೆಳಕನ್ನು ಹೀರುವುದಿಲ್ಲ. ಅದರ ಇಲೆಕ್ಟ್ರಾನುಗಳನ್ನು ಬಂಧದಿಂದ ಬಿಡಿಸಲು ಸುಮಾರು ೫.೫ ಇಲೆಕ್ಟ್ರಾನ್‌ವೋಲ್ಟುಗಳ ಶಕ್ತಿ ಬೇಕು. ೮೦೦ ನ್ಯಾನೋಮೀಟರು ಅಲೆಯುದ್ದದ ಲೇಸರಿನಲ್ಲಿ ಬೆಳಕಿನ ಒಂದು ಕಣಕ್ಕಿರುವುದು ೧.೫೫ ಮಾತ್ರ. ಆದುದರಿಂದ ಕನಿಷ್ಠಪಕ್ಷ ನಾಲ್ಕು ಕಣಗಳು ಒಟ್ಟಿಗೆ ಕೂಡಿ ಒಂದು ಇಲೆಕ್ಟ್ರಾನನ್ನು ಎಬ್ಬಿಸಬೇಕು. ಬೆಳಕು ಅಪಾರವಾಗಿ ಸಾಂದ್ರವಾದಾಗ ಮಾತ್ರ ಇದು ಸಾಧ್ಯ. ಸಾಂದ್ರತೆಯು ಅಲ್ಪಸ್ಪಂದದಿಂದ ಬರುತ್ತದೆ. ಪರಮಾಣುಗಳ ಜಾಲಕ್ಕೆ ಶಾಖವು ಮುಟ್ಟಿ ಹರಡುವುದರೊಳಗಾಗಿ ಸ್ಪಂದವು ಮುಗಿದಿರುತ್ತದೆ. ಮೇಲಿನ ತೆಳುವಾದ ಪದರವಷ್ಟೆ ಕಿತ್ತುಹೋಗುತ್ತದೆ. ಸುತ್ತಣ ವಜ್ರವು ಬಹುಮಟ್ಟಿಗೆ ಕೆಡದೆ ಉಳಿಯುತ್ತದೆ.

ಹೀಗೆ ಸ್ಪಂದಗಳು ಒಂದರ ಮೇಲೊಂದು ಬಿದ್ದಂತೆ ವಜ್ರದ ಮೈಯಲ್ಲಿ ಸಾಲುಸಾಲಾಗಿ ಗೀಟುಗಳೇಳುತ್ತವೆ. ಸಾಮಾನ್ಯವಾಗಿ ಅವು ಬೆಳಕಿನ ಕಂಪನದ ದಿಕ್ಕಿಗೆ ಅಡ್ಡಲಾಗಿರುವುವು. ಮೇಲೆ ಹೇಳಿದ ಬೆಳಕಿನಲ್ಲಿ ಗೀಟಿನಿಂದ ಗೀಟಿಗೆ ಇರುವ ಅಂತರವು ಸುಮಾರು ೧೭೦ ನ್ಯಾನೋಮೀಟರು. ಎಂದರೆ ವಜ್ರದೊಳಗೆ ಆ ಬೆಳಕಿಗಿರುವ ಅಲೆಯುದ್ದದ ಅರ್ಧ. ಒಂದು ನ್ಯಾನೋಮೀಟರು ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಉಳಿಯು ಕಲ್ಲಿನ ಮೇಲೆ ತನ್ನ ಮೊನೆಯ ಅಗಲವನ್ನು ಬಿಟ್ಟುಹೋಗುವಂತೆ ಬೆಳಕು ವಜ್ರದ ಮೇಲೆ ತನ್ನ ಅಲೆಯ ಅಳತೆಯನ್ನು ಬಿಟ್ಟುಹೋಗುತ್ತದೆ.

ಇದರ ಪ್ರಯೋಜನವನ್ನು ಇಟಲಿಯ ರಾಷ್ಟ್ರೀಯ ಸಂಶೋಧನ ಪರಿಷತ್ತಿನ ವಿಜ್ಞಾನಿಗಳು ೨೦೧೦ರ ನಂತರದ ದಶಕದಲ್ಲಿ ತೋರಿಸಿದರು. ಗೀಟುಗಳಿಂದ ತುಂಬಿದ ವಜ್ರವು ಬೆಳಕನ್ನು ಬಿಟ್ಟುಕೊಡದೆ ಹಿಡಿದಿಟ್ಟು, ಕಪ್ಪಾಗಿ ಕಾಣುತ್ತದೆ. ಇದಕ್ಕೆ ಅವರು ಕಪ್ಪುವಜ್ರವೆಂದೇ ಹೆಸರಿಟ್ಟರು. ಸಾಂದ್ರಗೊಳಿಸಿದ ಬಿಸಿಲನ್ನು ವಿದ್ಯುತ್ತನ್ನಾಗಿ ಮಾಡುವುದಕ್ಕೆ ಇಂಥ ವಜ್ರವನ್ನು ಬಳಸಬೇಕೆಂಬುದು ಅವರ ಉದ್ದೇಶ. ಅಗಸ್ತಿಮತದ ಪರೀಕ್ಷಕನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನು? ರೇಖೆಯೂ ಇದೆ, ಕಾಕಪದದ ಕಪ್ಪೂ ಇದೆ; ಎರಡೂ ಬೇಕೆಂದೇ ಮಾಡಿದವು. ಗುಣದೋಷಗಳು ವಸ್ತುವಿನಲ್ಲಿರದೆ ಪ್ರಯೋಜನದಲ್ಲಿರುವುವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

೬

ಇನ್ನು ಉಳಿದದ್ದು ವಾರಿತರತ್ವ, ಎಂದರೆ ನೀರಿನಲ್ಲಿ ತೇಲುವ ಗುಣ. ವಜ್ರವು ನೀರಿಗಿಂತ ಮೂರೂವರೆ ಪಾಲು ಭಾರ. ಆದುದರಿಂದ ವರಾಹಮಿಹಿರನ ಮಾತು ಅಸಂಭವವೆಂದು ಅನೇಕರು ಕೈಬಿಟ್ಟಿದ್ದಾರೆ. ಆದರೆ ತೇಲುವುದಕ್ಕೆ ಹಗುರತನವೊಂದೇ ಕಾರಣವಲ್ಲ; ಮೈಯ ಸ್ವಭಾವವೂ ಕಾರಣ.

೧೮೯೦ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕದ ಕಿಂಬರ್ಲಿ ಗಣಿಗಳಲ್ಲಿ ಒಂದು ಉಪಾಯವನ್ನು ಕಂಡುಕೊಂಡರು. ಜಲ್ಲಿಯನ್ನು ನೀರಿನೊಡನೆ ಕೊಬ್ಬು ಬಳಿದ ಹಲಗೆಯ ಮೇಲೆ ಹರಿಯಿಸಿದರೆ ಮಿಕ್ಕ ಕಲ್ಲುಗಳು ಜಾರಿಹೋಗುತ್ತವೆ, ವಜ್ರಗಳು ಕೊಬ್ಬಿಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಕಾರಣ, ಶುದ್ಧವಾದ ವಜ್ರದ ಮೈಗೆ ನೀರು ಸುಲಭವಾಗಿ ಹತ್ತುವುದಿಲ್ಲ, ಸ್ನೇಹದ್ರವ್ಯವು ಹತ್ತುತ್ತದೆ. ವರಾಹಮಿಹಿರನು ‘ಸ್ನಿಗ್ಧ’ವೆಂಬ ವಿಶೇಷಣವನ್ನು ತೇಲುವ ಗುಣದೊಡನೆಯೇ ಹೇಳಿರುವುದು ಇಲ್ಲಿ ಗಮನಾರ್ಹ. ಮೋಟುಪಲ್ಲಿಯ ಸೀಮೆಯಲ್ಲಿ ಕಣಿವೆಗೆ ಮಾಂಸದ ತುಂಡುಗಳನ್ನೆಸೆದು, ಅವಕ್ಕೆ ಅಂಟಿದ ವಜ್ರಗಳನ್ನು ಹದ್ದುಗಳ ಮೂಲಕ ಪಡೆಯುವರೆಂದು ಹದಿಮೂರನೆಯ ಶತಮಾನದ ಮಾರ್ಕೊ ಪೋಲೊ ಹೇಳುವ ಕಥೆಯಲ್ಲಿಯೂ ಇದೇ ಗುಣದ ನೆನಪು ಅಡಗಿರಬಹುದು. ನೀರು ಹತ್ತದ ಮೈಯುಳ್ಳ ಸಣ್ಣ ಕಣವು, ಸಾಸಿವೆಯ ಗಾತ್ರದ್ದು, ನೀರಿನ ಮೇಲೆ ಮೆಲ್ಲನೆ ಇಟ್ಟರೆ ನೀರಿನ ಮೇಲ್ಪೊರೆಯ ಬಿಗಿತದಿಂದ ತೇಲಬಲ್ಲುದು. ವರಾಹಮಿಹಿರನು ವಜ್ರವನ್ನು ತೂಗುವುದು ಅಕ್ಕಿಕಾಳಿನ ಲೆಕ್ಕದಲ್ಲಿ. ಆ ಅಕ್ಕಿಕಾಳನ್ನು ಎಂಟು ಬಿಳಿಯ ಸಾಸಿವೆಗಳಿಗೆ ಸಮನೆಂದು ಅವನೇ ಹೇಳಿದ್ದಾನೆ. ಸಾಸಿವೆಯಷ್ಟರ ವಜ್ರಗಳು ಪರೀಕ್ಷಕರ ಕೈಯಲ್ಲಿ ಸದಾ ಓಡಾಡುತ್ತಿದ್ದುವೆಂಬುದು ಇದರಿಂದ ವ್ಯಕ್ತ.

ಮೈಯ ರಚನೆಯು ನೀರನ್ನು ದೂಡುವ ಪರಿಯನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕಳಸ, ಮೂಡಿಗೆರೆಗಳ ತೋಟದ ಹಳ್ಳಗಳ ಬದಿಯ ಕೆಸುವಿನ ಎಲೆಯ ಮೇಲೆ ಹನಿಯು ಮುತ್ತಾಗಿ ಉರುಳುವುದೇ ಹೊರತು ಎಲೆಯನ್ನು ನೆನೆಸುವುದಿಲ್ಲ. ಗೀತೆಯ ಐದನೆಯ ಅಧ್ಯಾಯದ ತಾವರೆಯೆಲೆಯ ದೃಷ್ಟಾಂತವೂ ಈ ಬಗೆಯದೇ. ಮೇಣದ ಹೊದಿಕೆಯ ಜೊತೆಗೆ ಅತಿಸೂಕ್ಷ್ಮವಾದ ಉಬ್ಬುಗಳು ಇದಕ್ಕೆ ಕಾರಣವೆಂದು ೧೯೯೭ರಲ್ಲಿ ಜರ್ಮನಿಯ ಬಾರ್ತ್‌ಲೊಟ್ ಮತ್ತು ನೈನ್‌ಹೂಯಿಸ್ ವಿವರಿಸಿದರು. ಒರಟುತನವು ಮೈಯ ಸಹಜಸ್ವಭಾವವನ್ನು ಹೆಚ್ಚಿಸುವುದೆಂಬ ನಿಯಮವನ್ನು ವೆಂಜೆಲ್ ೧೯೩೬ರಲ್ಲಿಯೇ ಹೇಳಿದ್ದನು. ವಜ್ರಕ್ಕೂ ಇದು ಅನ್ವಯಿಸುತ್ತದೆ. ಹೊರಪದರಕ್ಕೆ ಜಲಜನಕವು ಹತ್ತಿದ್ದರೆ ವಜ್ರವು ನೀರನ್ನು ದೂರವಿಡುತ್ತದೆ, ಆಮ್ಲಜನಕವು ಹತ್ತಿದ್ದರೆ ಬಳಿಗೆ ಸೆಳೆಯುತ್ತದೆ. ಲೇಸರಿನ ಗೀಟುಗಳು ಆ ಗುಣವನ್ನು ಇನ್ನೂ ಬಲಪಡಿಸಬಲ್ಲವು.

ಇದಕ್ಕೆ ಒಂದು ಆಕ್ಷೇಪವಿದೆ. ನಮ್ಮ ದೇಶದ ವಜ್ರಗಳು ಹೆಚ್ಚಾಗಿ ಹೊಳೆಯ ಮರಳುಜಲ್ಲಿಗಳಲ್ಲಿ ದೊರೆತವು. ಅಂಥವುಗಳ ಮೇಲೆ ಲವಣಾದಿಗಳ ಪೊರೆಯು ಕುಳಿತು ನೀರು ಹತ್ತುವುದುಂಟು. ಈ ಆಕ್ಷೇಪವೇ ನನ್ನ ವ್ಯಾಖ್ಯಾನಕ್ಕೆ ಸಾಧಕವಾಗುತ್ತದೆ. ಎಲ್ಲ ವಜ್ರಗಳೂ ತೇಲುವುವೆಂದು ವರಾಹಮಿಹಿರನು ಹೇಳಿಲ್ಲ, ಉತ್ತಮವಾದುದು ತೇಲುವುದೆಂದಿದ್ದಾನೆ. ತೇಲುವುದು ಶುದ್ಧವಾದ ಮೈಯ ಲಕ್ಷಣವಾಗಿದ್ದರೆ ಆ ವಿವೇಚನೆಗೆ ಅರ್ಥವಿದೆ. ಹಾಗಾದರೆ ಕೌಟಿಲ್ಯನಿಗೂ ವರಾಹಮಿಹಿರನಿಗೂ ಕಾಣುವ ವಿರೋಧವೂ ಪರಿಹಾರವಾಗುತ್ತದೆ: ಒಬ್ಬನು ತಕ್ಕಡಿಯಲ್ಲಿ ಕಂಡುದನ್ನು ಹೇಳಿದನು, ಇನ್ನೊಬ್ಬನು ನೀರಿನ ಬಟ್ಟಲಿನಲ್ಲಿ ಕಂಡುದನ್ನು ಹೇಳಿದನು. ತೇಲಿದ್ದನ್ನು ಕಂಡು ಹಗುರವೆಂದು ಊಹಿಸಿದ್ದು ಮಾತ್ರ ತಪ್ಪಾಯಿತು, ಕಂಡದ್ದು ತಪ್ಪಲ್ಲ.

೭

ಹಳೆಯ ಶಾಸ್ತ್ರಗಳನ್ನು ಓದುವವರಲ್ಲಿ ಎರಡು ಪಕ್ಷಗಳು ಬಲವಾಗಿವೆ. ಇಂದಿನ ವಿದ್ಯೆಯೆಲ್ಲವೂ ಅಂದೇ ಇದ್ದಿತೆಂಬುದು ಒಂದು. ಅಂದಿನವರು ಬರೆದದ್ದೆಲ್ಲವೂ ಮೌಢ್ಯವೆಂಬುದು ಇನ್ನೊಂದು. ವಜ್ರದ ವಿಷಯದಲ್ಲಿ ಎರಡೂ ನಿಲ್ಲುವುದಿಲ್ಲ. ಬುದ್ಧಭಟ್ಟನಿಗೆ ಲೇಸರಿನ ಸುಳಿವು ಇರಲಿಲ್ಲ. ವಜ್ರದಿಂದಲೇ ವಜ್ರವೆಂಬ ಅವನ ಸೂತ್ರವನ್ನು ಬೆಳಕು ಮೀರಿತೆಂಬುದನ್ನು ನಾವು ಸಂತೋಷದಿಂದಲೇ ಒಪ್ಪಬೇಕು. ಆದರೆ ಆರು ಕೋಟಿ, ಎಂಟು ಪಾರ್ಶ್ವ, ಹನ್ನೆರಡು ಧಾರೆಗಳನ್ನು ಎಣಿಸಿದ ಕಣ್ಣನ್ನು ನೀರಿನ ಮೇಲೆ ತೇಲಿದ ಕಲ್ಲಿನ ವಿಷಯದಲ್ಲಿ ಕುರುಡೆಂದು ತೀರ್ಮಾನಿಸುವ ಮೊದಲು, ಒಂದು ಬಟ್ಟಲು ನೀರನ್ನು ತರಿಸಿ ನೋಡುವುದು ವಿದ್ವಾಂಸರಿಗೆ ಯುಕ್ತ.

ಶಾಸನವನ್ನು ಓದುವವನು ಅಕ್ಷರವನ್ನು ನೋಡುವಂತೆ ಕಲ್ಲಿನ ಮೈಯನ್ನೂ ನೋಡಬೇಕು. ಸವೆತವಾವುದು, ಗೀಟಾವುದು ಎಂದು ತಿಳಿಯದಿದ್ದರೆ ಪಾಠವು ಕೆಡುವುದು. ಶಾಸ್ತ್ರಗ್ರಂಥವನ್ನು ಓದುವಾಗಲೂ ಈ ಎಚ್ಚರಿಕೆಯು ಅವಶ್ಯ. ಪರೀಕ್ಷಕನು ಕಂಡದ್ದೆಷ್ಟು, ಊಹಿಸಿದ್ದೆಷ್ಟು, ಕೇಳಿ ಬರೆದದ್ದೆಷ್ಟು ಎಂದು ಬೇರ್ಪಡಿಸಿದ ಮೇಲೆಯೇ ಅವನನ್ನು ಮೆಚ್ಚುವುದಾಗಲಿ ಅಲ್ಲಗಳೆಯುವುದಾಗಲಿ ಸಲ್ಲುತ್ತದೆ. ಮಾನಸೋಲ್ಲಾಸದ ರತ್ನಪ್ರಕರಣವನ್ನು ಈ ದೃಷ್ಟಿಯಿಂದ, ಖನಿಜಶಾಸ್ತ್ರವನ್ನು ಬಲ್ಲವರ ನೆರವಿನೊಡನೆ, ಕನ್ನಡದಲ್ಲಿ ವಿವರವಾದ ವ್ಯಾಖ್ಯಾನದೊಂದಿಗೆ ಹೊರತರುವುದು ಸಂಸ್ಕೃತಜ್ಞರ ಮುಂದಿರುವ ಕಾರ್ಯಗಳಲ್ಲೊಂದೆಂದು ಅರಿಕೆಮಾಡಿ ಈ ಲೇಖನವನ್ನು ಮುಗಿಸುವೆನು.